ಆಟಿಸಂ ಮಕ್ಕಳಿಗೆ ಮುಖಗಳ ಪಟ: ಕಲಿಸುವುದೇನು, ಅಳೆಯುವುದೇನು?

ಆರು ದುಂಡು ಮುಖಗಳಿರುವ ಪಟವೊಂದನ್ನು ನೀವು ನೋಡಿರಬಹುದು. ಒಂದು ಮುಖ ನಗುತ್ತಿರುತ್ತದೆ, ಒಂದರ ತುಟಿ ಕೆಳಕ್ಕೆ ಬಾಗಿರುತ್ತದೆ, ಇನ್ನೊಂದರ ಹುಬ್ಬು ಗಂಟಿಕ್ಕಿರುತ್ತದೆ. ಕೆಳಗೆ ‘ಸಂತೋಷ’, ‘ದುಃಖ’, ‘ಕೋಪ’, ‘ಭಯ’, ‘ಆಶ್ಚರ್ಯ’, ‘ಜುಗುಪ್ಸೆ’ ಎಂದು ಅಚ್ಚಾಗಿರುತ್ತದೆ. ಎಷ್ಟೋ ಶಾಲೆಗಳಲ್ಲಿ ಇದು ಗೋಡೆಯ ಅಲಂಕಾರ ಮಾತ್ರ. ಆದರೆ ಆಟಿಸಂ (ಸ್ವಲೀನತೆ) ಇರುವ ಮಕ್ಕಳ ತರಬೇತಿಯಲ್ಲಿ ಇದೇ ಪಟ, ಅಥವಾ ಇದನ್ನು ಕತ್ತರಿಸಿ ಮಾಡಿದ ಬಿಡಿ ಕಾರ್ಡುಗಳು, ಪಠ್ಯವೇ ಆಗಿಬಿಡುತ್ತವೆ. ‘ಇತರರ ಭಾವನೆಗಳನ್ನು ಗುರುತಿಸುವುದು’ ಎಂಬುದು ಆ ಪಾಠದ ಹೆಸರು. ಈ ಪಾಠೋಪಕರಣವನ್ನೂ, ಇದೇ ಉದ್ದೇಶಕ್ಕೆ ಇಂಗ್ಲೆಂಡಿನಲ್ಲಿ ತಯಾರಾದ, ಇದಕ್ಕಿಂತ ಬಹಳ ಉತ್ತಮವಾದ ಇನ್ನೊಂದನ್ನೂ ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ನಾನು ಮನೋವಿಜ್ಞಾನಿಯಲ್ಲ, ವೈದ್ಯನೂ ಅಲ್ಲ, ಭೌತವಿಜ್ಞಾನದ ಅಧ್ಯಾಪಕ. ಉಪಕರಣವೊಂದು ತಾನು ಅಳೆಯುತ್ತೇನೆಂದು ಹೇಳಿಕೊಳ್ಳುವುದನ್ನೇ ಅಳೆಯುತ್ತಿದೆಯೇ ಎಂದು ಕೇಳುವುದು ನಮ್ಮ ಕಸುಬು. ಆ ಪ್ರಶ್ನೆಯನ್ನಷ್ಟೇ ಇಲ್ಲಿ ಕೇಳುತ್ತೇನೆ.

ಕೇಳಲು ಕಾರಣನಾದವನು ಮಾನ್ವಿಯಲ್ಲಿರುವ ನಮ್ಮ ಅಣ್ಣನ ಮೊಮ್ಮಗ. ಈಗ ಅವನಿಗೆ ಎಂಟು ವರ್ಷ. ಆಟಿಸಂ ಇದೆಯೆಂದು ನಾಲ್ಕನೆಯ ವರ್ಷದಲ್ಲಿ ಗೊತ್ತಾಯಿತು. ತಾಯಿ ಅವನನ್ನು ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ರಾಯಚೂರಿಗೆ ಕರೆತರುತ್ತಿದ್ದಳು. ಹೋಗಿ ಬರುವುದು ಸುಮಾರು 100 ಕಿಲೋಮೀಟರು. ಎಂಟು ತಿಂಗಳಲ್ಲಿ ಹುಡುಗ ಆರೂ ಕಾರ್ಡುಗಳನ್ನು ಕಲಿತ. ಯಾವ ಕಾರ್ಡು ಎತ್ತಿ ತೋರಿಸಿದರೂ ತಟ್ಟನೆ ಹೆಸರು ಹೇಳುತ್ತಿದ್ದ. ತಲೆಕೆಳಗಾಗಿ ಹಿಡಿದರೂ ಹೇಳುತ್ತಿದ್ದ. ವರದಿಯ ಪುಸ್ತಕದಲ್ಲಿ ‘ಭಾವನೆ ಗುರುತಿಸುವಿಕೆ: 100%’ ಎಂದು ಬರೆದುಕೊಟ್ಟರು. ಮನೆಯವರಿಗೆಲ್ಲ ಸಂತೋಷವಾಯಿತು, ನನಗೂ ಆಯಿತು.

ಕಳೆದ ವರ್ಷ ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದೆ. ಅತ್ತಿಗೆಯ ತಂಗಿ ತೀರಿಕೊಂಡ ಸುದ್ದಿ ಅಂದು ಬೆಳಿಗ್ಗೆಯಷ್ಟೇ ಸಿಂಧನೂರಿನಿಂದ ಬಂದಿತ್ತು. ಅತ್ತಿಗೆ ಅಡುಗೆಮನೆಯ ಮೂಲೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು. ಹುಡುಗ ಬಂದು ಅವರ ಮುಖ ನೋಡಿದ. ‘ಉಳ್ಳಾಗಡ್ಡಿ’ ಎಂದ. ಆಮೇಲೆ ಈಳಿಗೆಯ ಕಡೆ ನೋಡಿದ, ಬುಟ್ಟಿಯ ಕಡೆ ನೋಡಿದ. ಅಂದು ಯಾರೂ ಉಳ್ಳಾಗಡ್ಡಿ ಹೆಚ್ಚಿರಲಿಲ್ಲ. ಮತ್ತೆ ಮುಖ, ಮತ್ತೆ ಬುಟ್ಟಿ. ಕೊನೆಗೆ ಎರಡೂ ಕೈಗಳನ್ನು ಕಿವಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದ. ‘ಇಷ್ಟು ಕಲಿಸಿದರೂ ಅಜ್ಜಿಯ ದುಃಖ ತಿಳಿಯಲಿಲ್ಲವಲ್ಲ’ ಎಂದು ಅವನ ತಾಯಿ ನೊಂದುಕೊಂಡಳು.

ನನಗೆ ಕಂಡದ್ದು ಬೇರೆ. ನಮ್ಮ ಪ್ರಯೋಗಶಾಲೆಯಲ್ಲಿ ಒಳ್ಳೆಯ ವಿದ್ಯಾರ್ಥಿ ಏನು ಮಾಡಬೇಕೆಂದು ಬಯಸುತ್ತೇವೆಯೋ ಅದನ್ನೇ ಅವನು ಮಾಡಿದ್ದ. ಕಣ್ಣೀರನ್ನು ಗಮನಿಸಿದ. ಹಿಂದಿನ ಅನುಭವದಿಂದ ಒಂದು ಊಹೆ ಮಾಡಿದ. ಊಹೆ ನಿಜವೇ ಎಂದು ಸುತ್ತ ನೋಡಿ ಪರೀಕ್ಷಿಸಿದ. ಊಹೆ ಬಿದ್ದುಹೋಯಿತು. ಬೇರೆ ಕಾರಣ ಹೊಳೆಯಲಿಲ್ಲ, ಹೊಳೆಯುವಂಥ ಮಾತನ್ನು ನಾವು ಯಾರೂ ಅವನಿಗೆ ಹೇಳಿರಲಿಲ್ಲ. ಕಾರ್ಡು ಅವನಿಗೆ ಕಲಿಸಿದ್ದು ಬಾಗಿದ ತುಟಿಯನ್ನು. ಅಜ್ಜಿಯ ತುಟಿ ಸೆರಗಿನ ಹಿಂದಿತ್ತು.

ಇದು ಒಂದು ಮನೆಯ ಮಾತಲ್ಲ. ಜಗತ್ತಿನಲ್ಲಿ 2021ರಲ್ಲಿ ಸುಮಾರು 127 ಮಂದಿಗೆ ಒಬ್ಬರಂತೆ ಆಟಿಸಂ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಂದರೆ 250 ಮಕ್ಕಳ ಶಾಲೆಯಲ್ಲಿ ಇಬ್ಬರು ಇರಬಹುದು. ನಮ್ಮ ದೇಶದ ಐದು ಪ್ರದೇಶಗಳಲ್ಲಿ 2ರಿಂದ 9 ವರ್ಷದ ಸುಮಾರು 4000 ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಶ್ರವಣದೋಷ, ಮೂರ್ಛೆರೋಗ, ಆಟಿಸಂ ಮೊದಲಾದ 9 ಬಗೆಯ ತೊಂದರೆಗಳಲ್ಲಿ ಯಾವುದಾದರೊಂದು ಹೆಚ್ಚುಕಡಿಮೆ ಎಂಟು ಮಕ್ಕಳಲ್ಲಿ ಒಬ್ಬರಿಗೆ ಇದೆಯೆಂದು ತೋರಿಸಿತು. ಆ ಐದರಲ್ಲಿ ನಮಗೆ ಹತ್ತಿರದ್ದು ಹೈದರಾಬಾದು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯಿದೆಯ 21 ಬಗೆಗಳಲ್ಲಿ ಅದು ಸೇರಿತು. ಹೀಗಾಗಿ ಗುರುತಿಸುವವರೂ ತರಬೇತಿ ಕೊಡುವವರೂ ಈಗ ಹೆಚ್ಚುತ್ತಿದ್ದಾರೆ, ಅವರ ಜೊತೆಗೆ ಕಾರ್ಡುಗಳೂ ಬರುತ್ತಿವೆ.

ರೈಲುಬಂಡಿಗೆ ಮನುಷ್ಯನ ಮುಖ

ಆರು ಮುಖಗಳ ಮೂಲ ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್‌ಮನ್. 1960ರ ದಶಕದ ಕೊನೆಯಲ್ಲಿ ಅವರು ನ್ಯೂಗಿನಿಯ ಫೋರೆ ಜನರಿಗೆ ಛಾಯಾಚಿತ್ರಗಳನ್ನು ತೋರಿಸಿ, ಕೆಲವು ಮೂಲ ಭಾವನೆಗಳ ಮುಖಚಹರೆ ಎಲ್ಲ ಮನುಷ್ಯರಲ್ಲೂ ಒಂದೇ ಎಂದು ವಾದಿಸಿದರು. ಆಟಿಸಂಗೂ ಇದಕ್ಕೂ ಗಂಟು ಬಿದ್ದದ್ದು ಆಮೇಲೆ. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಸ್ಯಾಲಿ, ಆನ್ ಎಂಬ ಎರಡು ಗೊಂಬೆಗಳ ಪ್ರಯೋಗ ಮಾಡಿದರು. ಸ್ಯಾಲಿ ಹೊರಗೆ ಹೋದಾಗ ಆನ್ ಅವಳ ಗೋಲಿಯನ್ನು ಬೇರೆ ಕಡೆ ಬಚ್ಚಿಡುತ್ತಾಳೆ; ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ, ಗೋಲಿ ನಿಜವಾಗಿ ಇರುವ ಜಾಗವನ್ನೇ ತೋರಿಸಿದರು. ಇತರರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದೇ ಇವರ ಮುಖ್ಯ ತೊಡಕು ಎಂಬ ಸಿದ್ಧಾಂತ ಅಲ್ಲಿಂದ ಬೆಳೆಯಿತು. ತೊಡಕು ಅದೇ ಆದರೆ ಅದನ್ನು ಪಾಠವಾಗಿ ಕಲಿಸಬಹುದಲ್ಲವೇ? ಮುಂದೆ ಬ್ಯಾರನ್-ಕೋಹೆನ್ ಅವರ ಕೇಂಬ್ರಿಜ್ ತಂಡ 412 ಭಾವನೆಗಳನ್ನು ನಟರಿಂದ ಅಭಿನಯಿಸಿ ಒಂದು ಕಂಪ್ಯೂಟರ್ ಕೋಶವನ್ನೇ ಮಾಡಿತು. ಬಳಿಕ 2007ರಲ್ಲಿ ಚಿಕ್ಕ ಮಕ್ಕಳಿಗಾಗಿ ‘ದಿ ಟ್ರಾನ್ಸ್‌ಪೋರ್ಟರ್ಸ್’ ಎಂಬ ಡಿವಿಡಿ ಬಂತು.

ಈ ಡಿವಿಡಿಯನ್ನು ನಾನು ಮೆಚ್ಚುತ್ತೇನೆ. ಸುಮಾರು ಐದೈದು ನಿಮಿಷಗಳ 15 ಕಥೆಗಳು. ಪಾತ್ರಗಳು ಎಂಟು ವಾಹನಗಳು: ಟ್ರಾಮು, ಹಗ್ಗದ ಮೇಲಿನ ತೊಟ್ಟಿಲುಬಂಡಿ ಮುಂತಾದವು. ಪ್ರತಿಯೊಂದರ ಮುಂಭಾಗಕ್ಕೂ ನಿಜವಾದ ಮನುಷ್ಯರ ಮುಖವನ್ನು ಕೂಡಿಸಿದ್ದಾರೆ. ವಾಹನಗಳೇ ಏಕೆ? ಆಟಿಸಂ ಇರುವ ಬಹಳಷ್ಟು ಮಕ್ಕಳಿಗೆ ನಿಯಮಕ್ಕೆ ಕಟ್ಟುಬಿದ್ದು ಚಲಿಸುವ ವಸ್ತುಗಳೆಂದರೆ ಪ್ರೀತಿ. ಹಳಿಯ ಮೇಲಿನ ಬಂಡಿ ಮುಂದೆ ಹೋಗಬೇಕು, ಇಲ್ಲವೇ ಹಿಂದೆ, ಮೂರನೆಯ ದಾರಿಯಿಲ್ಲ. ನಿಮ್ಮ ತರಗತಿಯಲ್ಲಿ ಫ್ಯಾನು ತಿರುಗುವುದನ್ನೇ ನೋಡುತ್ತಾ ಕೂರುವ ಹುಡುಗನಿದ್ದರೆ ಇದು ನಿಮಗೆ ಅರ್ಥವಾಗುತ್ತದೆ. (ಚಕ್ರ ತಿರುಗುವುದನ್ನು ಗಂಟೆಗಟ್ಟಲೆ ನೋಡಿದ ಹುಡುಗರಲ್ಲಿ ಕೆಲವರು ಭೌತವಿಜ್ಞಾನದ ಅಧ್ಯಾಪಕರೂ ಆಗಿದ್ದಾರೆ ಎಂಬುದು ನನ್ನ ಗುಮಾನಿ.) ಮನುಷ್ಯರ ಮುಖ ನೋಡಲು ಹಿಂಜರಿಯುವ ಮಗುವಿಗೆ ಅದು ಇಷ್ಟಪಡುವ ವಸ್ತುವಿನ ಮೇಲೆಯೇ ಮುಖವನ್ನು ತಂದುಕೊಡುವುದು ಜಾಣ ಉಪಾಯ. ಮುಖ್ಯವಾಗಿ, ಇಲ್ಲಿ ಮುಖ ಒಂಟಿಯಾಗಿ ಬರುವುದಿಲ್ಲ; ಏನೋ ನಡೆಯುತ್ತದೆ, ಅದರಿಂದ ಮುಖ ಬದಲಾಗುತ್ತದೆ. ಗೋಡೆಯ ಪಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಫಲಿತಾಂಶ? 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಟಿಸಂ ಇರುವ 4ರಿಂದ 7 ವರ್ಷದ 20 ಮಕ್ಕಳು ನಾಲ್ಕು ವಾರ ದಿನವೂ ಈ ಕಥೆಗಳನ್ನು ನೋಡಿದರು. ಕೊನೆಯಲ್ಲಿ ಅವರು ಪರೀಕ್ಷೆಗಳಲ್ಲಿ ಆಟಿಸಂ ಇಲ್ಲದ ಮಕ್ಕಳಿಗೆ ಸರಿಸಮನಾದರು. ಕಥೆಯಲ್ಲಿ ಇಲ್ಲದ ಹೊಸ ಮುಖಗಳನ್ನೂ ಗುರುತಿಸಿದರು. ಆದರೆ ಪರೀಕ್ಷೆಯೂ ಚಿತ್ರಗಳದ್ದೇ.

ಎರಡು ವರ್ಷಗಳ ನಂತರ ಆಸ್ಟ್ರೇಲಿಯಾದಿಂದ ಬಂದ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಅದೇ ವಯಸ್ಸಿನ 55 ಮಕ್ಕಳು. ಅವರಲ್ಲಿ ಬೌದ್ಧಿಕವಾಗಿ ಹಿಂದುಳಿದ ಮಕ್ಕಳೂ ಇದ್ದರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಟ್ರಾನ್ಸ್‌ಪೋರ್ಟರ್ಸ್. ಇನ್ನೊಂದು ಗುಂಪನ್ನು ಸುಮ್ಮನೆ ಬಿಡಲಿಲ್ಲ. ‘ಥಾಮಸ್’ ಎಂಬ ರೈಲು ಎಂಜಿನ್ನಿನ ಮಾಮೂಲಿ ಕಾರ್ಟೂನು ತೋರಿಸಿದರು. ಅಲ್ಲಿಯೂ ಹಳಿ, ಅಲ್ಲಿಯೂ ಮುಖವಿರುವ ಎಂಜಿನ್ನು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಒಂದೇ ಒಂದು ಅಂಶವನ್ನು ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡಿ ಎಂದು ನಾವು ಹೇಳಿಕೊಡುವುದು ಇದನ್ನೇ. ಸಿಕ್ಕಿದ ಉತ್ತರ: ಕೋಪದ ಮುಖವನ್ನು ಗುರುತಿಸುವುದರಲ್ಲಿ ಮಾತ್ರ ಸುಧಾರಣೆ. ಮೂರು ತಿಂಗಳ ಮೇಲೆ ನೋಡಿದರೆ ಅದೂ ಅಷ್ಟಾಗಿ ಉಳಿದಿರಲಿಲ್ಲ. ಮಕ್ಕಳು ಇತರರೊಡನೆ ಬೆರೆಯುವ ರೀತಿಯಲ್ಲಿ ಬದಲಾವಣೆ ಕಾಣಲಿಲ್ಲ. 2014ರಲ್ಲಿ ಕಾಕ್ರೇನ್ ಸಂಸ್ಥೆಯು ಈ ಬಗೆಯ 22 ಪ್ರಯೋಗಗಳನ್ನು, ಒಟ್ಟು 695 ಮಂದಿಯ ಫಲಿತಾಂಶಗಳನ್ನು ಒಟ್ಟಿಗೆ ಪರಿಶೀಲಿಸಿತು. ಅದರ ನಿರ್ಣಯವೂ ಹೆಚ್ಚುಕಡಿಮೆ ಹೀಗೆಯೇ ಇತ್ತು: ಕಲಿಸಿದ್ದನ್ನು ಮಕ್ಕಳು ಕಲಿಯುತ್ತಾರೆ; ಅದು ಉಳಿಯುತ್ತದೆ, ಬೇರೆಡೆಗೂ ಹಬ್ಬುತ್ತದೆ ಎನ್ನಲು ಪುರಾವೆ ಸಾಲದು.

ಮಂಜುಗಡ್ಡೆಯ ನೀರಿನಲ್ಲೂ ಕುದಿಯುವ ನೀರಿನಲ್ಲೂ ಇಟ್ಟು ಗುರುತು ಹಾಕಿದ ತಾಪಮಾಪಕವನ್ನು ಮತ್ತೆ ಅವೆರಡರಲ್ಲೇ ಅದ್ದಿ ‘100% ಸರಿ’ ಎಂದರೆ ನೀವು ಒಪ್ಪುತ್ತೀರಾ? ಮಾನ್ವಿಯ ಹುಡುಗನ ವರದಿ ಅಂಥದ್ದು. ಕಲಿಸಿದ್ದು ಆರು ಕಾರ್ಡು, ಪರೀಕ್ಷಿಸಿದ್ದು ಅವೇ ಆರು ಕಾರ್ಡು. ಏನೂ ಗೊತ್ತಿಲ್ಲದೆ ಆರು ಹೆಸರುಗಳನ್ನು ಆರು ಮುಖಗಳಿಗೆ ಹಂಚಿದರೂ ಸರಾಸರಿ ಒಂದು ಸರಿಯಾಗುತ್ತದೆ. ಐದು ಗೊತ್ತಿದ್ದರೆ ಆರನೆಯದು ತಾನಾಗಿ ಬರುತ್ತದೆ. ತಲೆಕೆಳಗಾಗಿ ಹಿಡಿದರೂ ಅಷ್ಟೇ ವೇಗವಾಗಿ ಹೇಳಿದನಲ್ಲ, ಅದೇ ನಮ್ಮನ್ನು ಎಚ್ಚರಿಸಬೇಕಿತ್ತು. ತಲೆಕೆಳಗಾದ ಮುಖವನ್ನು ಓದಲು ಸಾಮಾನ್ಯವಾಗಿ ನಮಗೆಲ್ಲ ತಡವಾಗುತ್ತದೆ. ಅವನು ಮುಖ ನೋಡುತ್ತಿರಲಿಲ್ಲ, ಅಕ್ಷರ ಓದಿದಂತೆ ಗೆರೆ ಓದುತ್ತಿದ್ದ.

ಮುಳ್ಳು ತಿರುಗಿದರೆ ಬ್ಯಾಟರಿ ಯಾವುದು?

ಸರಿ, ಪರೀಕ್ಷೆಯನ್ನು ಬಿಗಿಗೊಳಿಸಿದರೆ, ಇನ್ನಷ್ಟು ಮುಖಗಳನ್ನು ಕಲಿಸಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು ಎಂಬುದು ನನ್ನ ಅಭಿಪ್ರಾಯ. ತೊಂದರೆ ಇರುವುದು ಕಾರ್ಡುಗಳ ಸಂಖ್ಯೆಯಲ್ಲಲ್ಲ.

ಗ್ಯಾಲ್ವನೋಮೀಟರಿನ ಮುಳ್ಳು ಬಲಕ್ಕೆ ಹತ್ತು ಗೆರೆ ಸರಿಯಿತು ಎಂದಿಟ್ಟುಕೊಳ್ಳಿ. ವಿದ್ಯುನ್ಮಂಡಲದಲ್ಲಿ ಯಾವ ಕೋಶವಿದೆ, ಎಷ್ಟು ರೋಧವಿದೆ ಎಂದು ಮುಳ್ಳನ್ನಷ್ಟೇ ನೋಡಿ ಹೇಳಲಾಗದು. ದೊಡ್ಡ ಕೋಶ ಮತ್ತು ದೊಡ್ಡ ರೋಧ, ಸಣ್ಣ ಕೋಶ ಮತ್ತು ಸಣ್ಣ ರೋಧ, ಎರಡೂ ಅದೇ ಹತ್ತು ಗೆರೆಯನ್ನು ಕೊಡಬಲ್ಲವು. ಕಾರಣದಿಂದ ಪರಿಣಾಮಕ್ಕೆ ಹೋಗುವ ದಾರಿ ನೇರ; ಪರಿಣಾಮದಿಂದ ಕಾರಣಕ್ಕೆ ಹಿಂದಿರುಗುವಾಗ ದಾರಿ ಕವಲೊಡೆಯುತ್ತದೆ. ಮುಖವೂ ಅಂಥದೊಂದು ಮುಳ್ಳು. 2012ರ ಒಂದು ಪ್ರಯೋಗದಲ್ಲಿ ಟೆನಿಸ್ ಆಟಗಾರರು ನಿರ್ಣಾಯಕ ಅಂಕವನ್ನು ಗೆದ್ದ ಮತ್ತು ಸೋತ ಕ್ಷಣದ ಛಾಯಾಚಿತ್ರಗಳಿಂದ ಮುಖಗಳನ್ನಷ್ಟೇ ಕತ್ತರಿಸಿ ತೋರಿಸಿದರು. ಯಾರು ಗೆದ್ದವರು, ಯಾರು ಸೋತವರು ಎಂದು ನೋಡುಗರಿಗೆ ಹೇಳಲಾಗಲಿಲ್ಲ. ಮುಖವಿಲ್ಲದೆ ದೇಹವನ್ನಷ್ಟೇ ತೋರಿಸಿದಾಗ ಹೇಳಿದರು! ಅವರಾರಿಗೂ ಆಟಿಸಂ ಇತ್ತೆಂದಲ್ಲ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ವಿಜ್ಞಾನಿಗಳು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ಜಾಲಾಡಿ ಬರೆದ ವಿಮರ್ಶೆಯ ಪ್ರಕಾರ, ಜನರು ಸಿಟ್ಟಾದಾಗ ಹುಬ್ಬು ಗಂಟಿಕ್ಕುವುದು ಸುಮಾರು 30% ಸಲ ಮಾತ್ರ. ಉಳಿದಾಗ ಸುಮ್ಮನಿರುತ್ತಾರೆ, ನಗುತ್ತಾರೆ, ಅಳುತ್ತಾರೆ. ಇನ್ನು ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾದವರೂ ಅಲ್ಲ. ನಮ್ಮ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ತೀನ್ ಕಂದೀಲ್ ಬಳಿ ಹತ್ತು ನಿಮಿಷ ನಿಂತು ನೋಡಿ. ಪಟದ ಪ್ರಕಾರ ಊರಿಗೆ ಊರೇ ಕೋಪದಲ್ಲಿದೆ.

ನಮ್ಮವರಿಗೆ ಇದು ಹೊಸ ವಿಚಾರವೂ ಅಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸ್ಥಾಯೀಭಾವಗಳಿವೆ. ಹಾಸ, ಶೋಕ, ಕ್ರೋಧ, ಭಯ, ವಿಸ್ಮಯ, ಜುಗುಪ್ಸೆ ಎಂದು ಎಣಿಸಿದರೆ ಪಟದ ಆರೂ ಅಲ್ಲಿ ಸಿಗುತ್ತವೆ. ಆದರೆ ಭರತ ಮುಖಗಳ ಪಟ್ಟಿ ಕೊಟ್ಟು ಸುಮ್ಮನಾಗಲಿಲ್ಲ. ಭಾವಕ್ಕೆ ಕಾರಣವಾದದ್ದು ವಿಭಾವ, ಹೊರಗೆ ಕಾಣುವ ಪರಿಣಾಮ ಅನುಭಾವ, ನಡುವೆ ಬಂದು ಹೋಗುವ 33 ವ್ಯಭಿಚಾರೀಭಾವಗಳು. ಇವೆಲ್ಲ ಕೂಡಿದರೆ ಮಾತ್ರ ನೋಡುವವನಿಗೆ ರಸ. ನಮ್ಮ ಕಡೆಯ ದೊಡ್ಡಾಟವನ್ನು ನೆನೆಯಿರಿ. ರಾತ್ರಿ, ಬಣ್ಣ ಬಳಿದ ಮುಖ, ಹಿಂದೆ ಕೂತವರಿಗೆ ಆ ಮುಖ ಸರಿಯಾಗಿ ಕಾಣುವುದೂ ಇಲ್ಲ. ಆದರೂ ಯಾರಿಗೆ ಯಾಕೆ ಸಿಟ್ಟು ಬಂದಿದೆ ಎಂಬುದು ಕೊನೆಯ ಸಾಲಿನ ಮುದುಕಿಗೂ ಗೊತ್ತು, ಏಕೆಂದರೆ ಕಥೆ ಗೊತ್ತು. ಮುಖದ ಪಟ ಮಾಡಿರುವುದೆಂದರೆ ವಿಭಾವವನ್ನು ಕಿತ್ತು ಬಿಸಾಡಿ ಅನುಭಾವವನ್ನಷ್ಟೇ ಗೋಡೆಗೆ ಅಂಟಿಸಿರುವುದು. ಉಳ್ಳಾಗಡ್ಡಿ ಹುಡುಕಿದ ಹುಡುಗ ಪಟಕ್ಕಿಂತ ಭರತನಿಗೆ ಹತ್ತಿರವಿದ್ದ.

ಮಾತಿನ ಬಗ್ಗೆಯೂ ಒಂದು ದೂರು. ‘ದುಃಖ’ ಎಂಬ ಪದವನ್ನು ಮಾನ್ವಿಯ ಯಾವ ಮನೆಯಲ್ಲಿ ಮಗುವಿನ ಮುಂದೆ ದಿನವೂ ಆಡುತ್ತಾರೆ? ‘ಬ್ಯಾಸರ ಆಗ್ಯಾದ’ ಎನ್ನುತ್ತಾರೆ. ಆ ಬ್ಯಾಸರದೊಳಗೆ ದುಃಖವಿದೆ, ದಣಿವಿದೆ, ಒಂಟಿತನವಿದೆ, ಮಾಡಲು ಕೆಲಸವಿಲ್ಲದ ಬೇಜಾರೂ ಇದೆ. ‘ಜುಗುಪ್ಸೆ’ಗೆ ಮನೆಯ ಮಾತು ಹೇಸಿಗಿ, ‘ಭಯ’ಕ್ಕೆ ಅಂಜಿಕಿ. ಮುನಿಸು, ಹುಸಿಮುನಿಸು, ಸಂಕೋಚ, ಕಸಿವಿಸಿ, ಮರುಕ ಇವು ಆರರ ಯಾವ ಪಟದಲ್ಲೂ ಸಿಗುವುದಿಲ್ಲ. ಮನೆ ನಡೆಯುವುದು ಇವುಗಳ ಮೇಲೆ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ದಖನಿ ಉರ್ದು, ಓಣಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಕೇಳುವ ಮಕ್ಕಳು ಎಷ್ಟೋ ಇದ್ದಾರೆ. ಅಂಥ ಮಗು ‘ಗುಸ್ಸಾ’ ಎಂದರೆ ಅಂಕ ಕೊಡದ ಪರೀಕ್ಷೆಯನ್ನು ಏನೆನ್ನಬೇಕು? ಅದು ಭಾವನೆಯನ್ನು ಅಳೆಯುತ್ತಿಲ್ಲ, ಗ್ರಾಂಥಿಕ ಕನ್ನಡವನ್ನು ಅಳೆಯುತ್ತಿದೆ.

ನಗುವ ಹುಡುಗಿ

ಈವರೆಗೆ ಓದಲು ಕಷ್ಟಪಡುವವರು ಆಟಿಸಂ ಇರುವ ಮಕ್ಕಳು ಎಂದೇ ಮಾತಾಡಿದೆವು. ದೇವದುರ್ಗದಲ್ಲಿ ಕಂಡದ್ದು ನನ್ನ ದೃಷ್ಟಿಯನ್ನು ತಿರುಗಿಸಿತು. ವಿಜ್ಞಾನ ಮಾದರಿಗಳ ಬಗ್ಗೆ ಶಿಕ್ಷಕರಿಗೆ ಹೇಳಲು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹೋಗಿದ್ದೆ. ಎರಡನೆಯ ತರಗತಿಯ ಗೋಡೆಯ ಮೇಲೆ ಅದೇ ಪಟವಿತ್ತು. ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಹುಡುಗಿಯನ್ನು ತೋರಿಸಿ ಶಿಕ್ಷಕಿ ಹೇಳಿದರು: ‘ಬೈದ್ರ ನಗ್ತಾಳ್ರಿ ಸರ. ಭಾಳ ಸೊಕ್ಕು.’ ಮಾತು ಕಡಿಮೆ, ಒಂದೇ ಬಗೆಯ ಆಟ, ಕರೆದರೆ ತಿರುಗುವುದಿಲ್ಲ. ಆಟಿಸಂ ಇರಬಹುದೇ ಎಂಬ ಅನುಮಾನ ನನಗೆ ಬಂತು. ಆದರೆ ಅದನ್ನು ಹೇಳುವ ಅಧಿಕಾರ ನನಗಿಲ್ಲ. ನಾನು ಕಂಡದ್ದು ಇಷ್ಟು: ಶಿಕ್ಷಕಿ ದನಿಯೇರಿಸಿದಾಗ ಹುಡುಗಿ ನಕ್ಕಳು ನಿಜ, ಅದೇ ಹೊತ್ತಿಗೆ ಅವಳ ಬೆರಳುಗಳು ಲಂಗದ ಅಂಚನ್ನು ಹರಿಯುವಷ್ಟು ಬಿಗಿಯಾಗಿ ಹಿಡಿದಿದ್ದವು.

ನಗುವ ಮುಖವೆಂದರೆ ಸಂತೋಷ ಎಂದು ಗೋಡೆಯ ಪಟ ಹೇಳುತ್ತಿತ್ತು. ಆ ಪಟವನ್ನು ನಂಬಿ ಮೋಸಹೋದವರು ಇಲ್ಲಿ ಶಿಕ್ಷಕಿ, ಮಗುವಲ್ಲ.

ತಾನೇ ಆಟಿಸಂ ಇರುವ ಬ್ರಿಟಿಷ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಇದನ್ನೇ ವಾದವಾಗಿ ಮುಂದಿಟ್ಟರು. ಅರ್ಥವಾಗದಿರುವುದು ಎರಡೂ ಕಡೆಯಿಂದ. ಒಂದು ಕಡೆಯವರಿಗೆ ಮಾತ್ರ ದೋಷದ ಹೆಸರು ಬಂದಿದೆ ಎಂಬುದು ಅವರ ಮಾತಿನ ಸಾರ. 2016ರ ಪ್ರಯೋಗವೊಂದರಲ್ಲಿ ಆಟಿಸಂ ಇಲ್ಲದವರಿಗೆ ಆಟಿಸಂ ಇರುವವರ ಮುಖಗಳ ವಿಡಿಯೊ ತೋರಿಸಿ, ಅವರಿಗೆ ಏನಾಯಿತೆಂದು ಊಹಿಸಲು ಹೇಳಿದಾಗ ಊಹೆಗಳು ಹೆಚ್ಚು ತಪ್ಪಿದವು. 2020ರಲ್ಲಿ ಎಡಿನ್‌ಬರೋದ ತಂಡ ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಆಟವಾಡಿಸಿತು. ಆಟಿಸಂ ಇರುವವರೇ ಇದ್ದ ಸರಪಳಿಯಲ್ಲಿ ಕಥೆ ಇತರರ ಸರಪಳಿಯಲ್ಲಿ ಉಳಿದಷ್ಟೇ ಉಳಿಯಿತು. ಬೆರಕೆ ಸರಪಳಿಯಲ್ಲಿ ಬೇಗ ಸವೆಯಿತು. ಆದರೆ ಪ್ರಾಮಾಣಿಕವಾಗಿ ಇದನ್ನೂ ಹೇಳಬೇಕು: ಇನ್ನಷ್ಟು ಜನರೊಂದಿಗೆ ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬೆರಕೆ ಸರಪಳಿಯ ಆ ನಷ್ಟ ಕಾಣಲಿಲ್ಲ. ಆಟಿಸಂ ಇರುವವರ ಸರಪಳಿ ಮಾತ್ರ ಈ ಸಲವೂ ಹಿಂದೆ ಬೀಳಲಿಲ್ಲ. ಮಿಲ್ಟನ್ನರ ವಾದ ಎಲ್ಲ ಕಡೆ ಗೆದ್ದಿದೆ ಎನ್ನಲಾರೆ. ಇವರಿಗೆ ಭಾವನೆಯೇ ತಿಳಿಯದು ಎಂಬ ಹಳೆಯ ಮಾತು ಮಾತ್ರ ನಿಲ್ಲುವುದಿಲ್ಲ.

ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ ರೂಪಿಸಿದ, ನಮ್ಮಲ್ಲಿ ಪ್ರಮಾಣಪತ್ರಕ್ಕೆ ಬಳಸುವ ಆಟಿಸಂ ಮಾಪನದಲ್ಲಿ 40 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ 1ರಿಂದ 5 ಅಂಕ, 70 ಅಥವಾ ಮೇಲಾದರೆ ಆಟಿಸಂ. ಸನ್ನಿವೇಶಕ್ಕೆ ಹೊಂದದ ಭಾವಪ್ರತಿಕ್ರಿಯೆ ಎಂಬುದೂ ಆ 40ರಲ್ಲಿ ಒಂದು. ಮಾಪನ ಬೇಕು, ಅದಿಲ್ಲದೆ ಸೌಲಭ್ಯ ಸಿಗದು. ಆದರೆ ‘ಹೊಂದದ’ ಎಂದು ತೀರ್ಮಾನಿಸುವವರಿಗೆ ಸನ್ನಿವೇಶ ಮಗುವಿಗೆ ಹೇಗೆ ಕಂಡಿತೆಂಬುದು ತಿಳಿದಿರಬೇಕಲ್ಲ?

ಹಾಗಾದರೆ ತರಗತಿಯಲ್ಲಿ ಏನು ಮಾಡಬೇಕು? ಪಟವನ್ನು ಕಿತ್ತುಹಾಕಬೇಕಾಗಿಲ್ಲ, ಪದಗಳನ್ನು ಕಲಿಸಲು ಇರಲಿ. ಆದರೆ ಪಾಠವನ್ನು ಘಟನೆಯಿಂದ ಆರಂಭಿಸಿ. ಮೊದಲು ಮಗುವಿನ ಸ್ವಂತ ಭಾವನೆ: ಬಿದ್ದಾಗ, ಬಸ್ಸು ತಪ್ಪಿದಾಗ ‘ಈಗ ನಿನಗೆ ಸಿಟ್ಟು ಬಂದದ’ ಎಂದು ಆ ಕ್ಷಣದಲ್ಲೇ ಹೆಸರು ಕೊಡಿ. ಇದಕ್ಕೆ ಕಾರಣವಿದೆ. ತನ್ನ ಭಾವನೆಯನ್ನು ತಾನೇ ಗುರುತಿಸಲಾಗದ ಸ್ಥಿತಿಯೊಂದಿದೆ, ಅದಕ್ಕೆ ಅಲೆಕ್ಸಿಥೈಮಿಯ ಎನ್ನುತ್ತಾರೆ. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದೂ ಇರುತ್ತದೆ. ಮುಖ ಗುರುತಿಸುವ ಕಷ್ಟ ಆಟಿಸಂನಿಂದಲ್ಲ, ಇದರಿಂದ ಬರುತ್ತದೆ ಎಂದು 2013ರಲ್ಲಿ ಬ್ರಿಟನ್ನಿನ ಜೆಫ್ ಬರ್ಡ್ ಮತ್ತು ರಿಚರ್ಡ್ ಕುಕ್ ವಾದಿಸಿದರು. ‘ಕಣ್ಣಲ್ಲಿ ಕಣ್ಣಿಟ್ಟು ನೋಡು’ ಎಂದು ಗಲ್ಲ ಹಿಡಿದು ತಿರುಗಿಸುವುದನ್ನು ಬಿಡಿ. ಕಣ್ಣುಗಳನ್ನೇ ನೋಡುವಂತೆ ಮಾಡಿದಾಗ ಆಟಿಸಂ ಇರುವವರ ಮಿದುಳಿನ ಆಳದ ಭಾಗಗಳು ಅತಿಯಾಗಿ ಉದ್ರೇಕಗೊಳ್ಳುತ್ತವೆ ಎಂದು 2017ರ ಅಧ್ಯಯನವೊಂದು ತೋರಿಸಿದೆ. ಅಲ್ಲದೆ, ಹಿರಿಯರ ಮುಖವನ್ನು ದಿಟ್ಟಿಸಬಾರದೆಂದು ಮನೆಯಲ್ಲಿ ಕಲಿಸಿ, ಶಾಲೆಯಲ್ಲಿ ದಿಟ್ಟಿಸು ಎನ್ನುವುದು ಯಾವ ನ್ಯಾಯ? ಅಪರಿಚಿತರ ಮುಖಗಳ ಬದಲು ಮನೆಯವರದೇ ಮೊಬೈಲ್ ವಿಡಿಯೊ ಬಳಸಬಹುದು. ‘ಗೊತ್ತಿಲ್ಲ, ಯಾಕ?’ ಎಂಬುದನ್ನೂ ಸರಿಯುತ್ತರವೆಂದು ಎಣಿಸಿ. ಮುಖವೊಂದನ್ನೇ ತೋರಿಸಿದಾಗ ಅದಕ್ಕಿಂತ ಸರಿಯಾದ ಉತ್ತರವಿಲ್ಲ. ಪರೀಕ್ಷೆ ಮಾಡುವುದಾದರೆ ಮೂರು ತಿಂಗಳ ಮೇಲೆ, ಕಲಿಸದ ಜಾಗದಲ್ಲಿ, ಕಲಿಸದ ಜನರೊಂದಿಗೆ ಮಾಡಿ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ದೊಡ್ಡವರು ತಮ್ಮ ಭಾವನೆಯನ್ನೂ ಅದರ ಕಾರಣವನ್ನೂ ಬಾಯಿಬಿಟ್ಟು ಹೇಳುವುದು. ಮಾನ್ವಿಯಲ್ಲಿ ಅತ್ತಿಗೆ ಈಗ ಹೇಳುತ್ತಾರೆ: ‘ನನಗ ಬ್ಯಾಸರ ಆಗ್ಯಾದಪ್ಪ, ತಂಗಿ ನೆನಪು ಬಂತು. ನಿನ್ನ ಮ್ಯಾಲೆ ಸಿಟ್ಟಿಲ್ಲ.’ ಹುಡುಗ ಏನೂ ಹೇಳುವುದಿಲ್ಲ. ಕಿವಿ ಮುಚ್ಚಿಕೊಂಡು ಓಡುವುದು ಕಡಿಮೆಯಾಗಿದೆ, ಸ್ವಲ್ಪ ದೂರದಲ್ಲಿ ಕೂರುತ್ತಾನೆ. ಒಂದೇ ಮಗು, ಹೋಲಿಕೆಯ ಗುಂಪಿಲ್ಲ, ಅಳೆದವರು ಮನೆಯವರೇ. ಇದನ್ನು ಪುರಾವೆಯೆಂದು ನಿಮ್ಮ ಮುಂದೆ ಇಡುತ್ತಿಲ್ಲ.

ದೇವದುರ್ಗದ ಶಿಕ್ಷಕಿಗೆ ನಾನು ಕೊಟ್ಟದ್ದು ಮೂರು ಕಾಲಂ ಗೆರೆ ಎಳೆದ ಒಂದು ನೋಟುಪುಸ್ತಕ. ನಗುವ ಮೊದಲು ಏನಾಯಿತು, ಕೈಕಾಲು ಏನು ಮಾಡುತ್ತಿದ್ದವು, ಆಮೇಲೆ ಏನಾಯಿತು. ‘ಸೊಕ್ಕು’, ‘ಸಂತೋಷ’ ಎಂಬ ಪದಗಳನ್ನು ಬರೆಯಬಾರದು ಎಂಬುದೊಂದೇ ಷರತ್ತು. ಏಳು ವಾರಗಳ ನಂತರ ಅವರು ಪುಸ್ತಕವನ್ನು ರಾಯಚೂರಿಗೆ ಕಳಿಸಿದರು. 31 ಸಲ ನಗು. 19 ಸಲ ಯಾರೋ ದನಿಯೇರಿಸಿದಾಗ, 8 ಸಲ ಬಿಸಿಯೂಟದ ಕೋಣೆಯ ಕುಕ್ಕರು ಕೂಗಿದಾಗ, 3 ಸಲ ಗಂಟೆ ಬಾರಿಸಿದಾಗ. ಒಂದು ಸಲ ಮಾತ್ರ, ಕಿಟಕಿಯಲ್ಲಿ ಅಳಿಲು ಬಂದಾಗ. ಆಗ ಕೈ ಸಡಿಲವಾಗಿತ್ತು ಎಂದು ಬರೆದು ಅವರು ಅದರ ಕೆಳಗೆ ಗೆರೆ ಎಳೆದಿದ್ದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಪುಸ್ತಕವನ್ನೇ ತೋರಿಸಿದರಂತೆ. ರಾಯಚೂರಿಗೆ ಕರೆದೊಯ್ಯಿರಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಹುಡುಗಿಯ ತಂದೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಅವನು ಊರಿಗೆ ಬಂದ ಮೇಲೆ ಹೋಗುವುದೆಂದು ತೀರ್ಮಾನವಾಗಿದೆ. ಶಿಕ್ಷಕಿ ಈಗ ಆ ಹುಡುಗಿಯ ಹತ್ತಿರ ಮಾತ್ರ ಮೆಲ್ಲಗೆ ಮಾತಾಡುತ್ತಾರೆ, ಮತ್ತು ಎರಡನೆಯ ನೋಟುಪುಸ್ತಕವನ್ನು ತಾವೇ ಕೊಂಡಿದ್ದಾರೆ.